ಓದುಗರ ಪ್ರಶ್ನೆ: ಹೀಟ್‌ನಲ್ಲಿ ಹಿಂದೆ, ಪದಕದಲ್ಲಿ ಮುಂದೆ

ಪ್ರಶ್ನೆ: ರಾಷ್ಟ್ರೀಯ ಮಾಸ್ಟರ್ಸ್ ಈಜುಕೂಟದಲ್ಲಿ ಐದನೆಯವರಾಗಿ ಗೋಡೆ ಮುಟ್ಟಿದ ಹಿರಿಯರಿಗೆ ಚಿನ್ನ ಸಿಕ್ಕಿತು, ಅದೇ ಹೀಟ್‌ನಲ್ಲಿ ಎರಡನೆಯವರಾದ ಯುವಕರಿಗೆ ಏನೂ ಇಲ್ಲ. ಇದೇನು ಲೆಕ್ಕ? ಫಲಿತಾಂಶದ ಪಟ್ಟಿ ನೋಡಿ ಯಾರ ಈಜು ನಿಜಕ್ಕೂ ದೊಡ್ಡದು ಎಂದು ತಿಳಿಯುವುದು ಹೇಗೆ? (ಶಿರಾದ ಓದುಗರು)

ಉತ್ತರ: ಮಾಸ್ಟರ್ಸ್‌ನಲ್ಲಿ, ಅಂದರೆ ವಯಸ್ಕರ ಈಜುಕೂಟದಲ್ಲಿ, ಹೀಟ್ (ಒಮ್ಮೆಗೆ ನೀರಿಗಿಳಿಯುವವರ ಸರದಿ) ಬೇರೆ, ಪೈಪೋಟಿ ಬೇರೆ. 25 ವರ್ಷದವರಿಂದ ಶುರುವಾಗಿ ಐದೈದು ವರ್ಷಕ್ಕೊಂದು ಗುಂಪು: 25–29, 30–34, ಹೀಗೇ ನೂರರಾಚೆಗೂ ಹೋಗುತ್ತದೆ. ಹೊತ್ತು ಉಳಿಸಲು ಬೇರೆ ಬೇರೆ ಗುಂಪಿನವರನ್ನು ಒಟ್ಟಿಗೇ ನೀರಿಗಿಳಿಸಲು ನಿಯಮದಲ್ಲೇ ಅವಕಾಶವಿದೆ. ಪಕ್ಕದ ಲೇನ್‌ನವರು ನಿಮ್ಮ ಎದುರಾಳಿಯೇ ಆಗಿರಬೇಕೆಂದಿಲ್ಲ. ಪದಕ ಗುಂಪಿನೊಳಗಿನ ಸಮಯಕ್ಕೆ.

ವಯಸ್ಸನ್ನು ಕೂಟದ ದಿನಕ್ಕೆ ನೋಡುವುದಿಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ನೋಡುತ್ತಾರೆ. ಆಸ್ಟ್ರೇಲಿಯಾದ ಜಾರ್ಜ್ ಕೊರೋನ್ಸ್ 2018ರ ಫೆಬ್ರವರಿಯಲ್ಲಿ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡಿನಲ್ಲಿ ಮುಗಿಸಿ 100–104ರ ಗುಂಪಿನ ವಿಶ್ವದಾಖಲೆ ಮಾಡಿದಾಗ ಅವರಿಗಿನ್ನೂ 99. ನೂರು ತುಂಬಿದ್ದು ಏಪ್ರಿಲ್‌ನಲ್ಲಿ. ಹಾಗಾಗಿ ಹೊಸ ಗುಂಪಿಗೆ ಕಾಲಿಟ್ಟ ಮೊದಲ ವರ್ಷ ಎಲ್ಲರಿಗೂ ಸುಗ್ಗಿ. 60–64ರ ಗುಂಪಿನಲ್ಲಿ 60ರವರು ಗೆದ್ದರೆ ಸಹಜ, 64ರವರು ಗೆದ್ದರೆ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು.

75 ದಾಟಿದ ಗುಂಪುಗಳಲ್ಲಿ ಕೆಲವೊಮ್ಮೆ ಒಬ್ಬರೋ ಇಬ್ಬರೋ ಇರುತ್ತಾರೆ. ಅಲ್ಲಿ ಪದಕದ ಬಣ್ಣದಿಂದ ಏನೂ ತಿಳಿಯದು. ಅವರ ಸಮಯವನ್ನು ಕೂಟದಾಖಲೆಯ ಪಕ್ಕದಲ್ಲೂ ಒಂದು ಗುಂಪು ಕಿರಿಯರ ಮೂರನೇ ಸ್ಥಾನದ ಪಕ್ಕದಲ್ಲೂ ಇಟ್ಟು ನೋಡಿ. ಜಪಾನಿನ ಮಿಯೆಕೊ ನಾಗಾವೊಕಾ 2015ರಲ್ಲಿ, ನೂರನೇ ವಯಸ್ಸಿನಲ್ಲಿ, 1500 ಮೀಟರ್ ಫ್ರೀಸ್ಟೈಲನ್ನು 1 ಗಂಟೆ 15 ನಿಮಿಷ 54.39 ಸೆಕೆಂಡಿಗೆ ಮುಗಿಸಿದರು, ಅದೂ ಅಂಗಾತ ಈಜಿ. ಫ್ರೀಸ್ಟೈಲ್‌ನಲ್ಲಿ ಯಾವ ಶೈಲಿಯಾದರೂ ನಡೆಯುತ್ತದೆ. ಅಂಥ ಈಜಿಗೆ ಎದುರಾಳಿ ಇದ್ದರೇನು, ಬಿಟ್ಟರೇನು!

ಪಟ್ಟಿಯಲ್ಲಿ ಸ್ಪ್ಲಿಟ್, ಅಂದರೆ ಓಟದ ಒಂದೊಂದು ಭಾಗದ ಸಮಯ, ಕೊಟ್ಟಿದ್ದರೆ ಅದನ್ನು ಬಿಡಬೇಡಿ. 100 ಮೀಟರ್‌ನಲ್ಲಿ ಒಬ್ಬರು ಮೊದಲರ್ಧ 36, ಎರಡನೆಯದು 46 ಸೆಕೆಂಡು ಈಜಿದರೆ ಒಟ್ಟು 1:22. ಇನ್ನೊಬ್ಬರು 39, 41 ಈಜಿ 1:20ಕ್ಕೆ ಬರುತ್ತಾರೆ. ಮೊದಲನೆಯವರಿಗೆ ಶಕ್ತಿ ಕಡಿಮೆಯಿತ್ತೆಂದಲ್ಲ, ಅದನ್ನು ಮೊದಲ ಐವತ್ತರಲ್ಲೇ ಸುರಿದುಬಿಟ್ಟರು. ನಲವತ್ತು ದಾಟಿದವರು ಸೋಲುವುದು ಬಹುಪಾಲು ಹೀಗೆಯೇ. ಕೊಳದ ಉದ್ದವನ್ನೂ ಗಮನಿಸಿ. 25 ಮೀಟರ್ ಕೊಳದಲ್ಲಿ 100 ಮೀಟರ್‌ಗೆ ಮೂರು ಟರ್ನ್, 50ರ ಕೊಳದಲ್ಲಿ ಒಂದೇ. ಪ್ರತಿ ಟರ್ನ್‌ನಲ್ಲೂ ಗೋಡೆಯನ್ನು ಒದ್ದು ವೇಗ ಸಿಗುವುದರಿಂದ ಎರಡೂ ಕೊಳಗಳ ಸಮಯವನ್ನು ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಬೆಂಗಳೂರಿನ ಬಸವನಗುಡಿ, ಮಂಗಳೂರಿನ ಎಮ್ಮೆಕೆರೆ ಕೊಳಗಳು 50ರವು.

ಪ್ರಶ್ನೆ: ನನಗೆ 48. ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು. 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ (ಕಪ್ಪೆ ಈಜಿಗೆ) ಹೆಸರು ಕೊಡಬೇಕೆಂದಿದ್ದೇನೆ. ಏನೇನು ತಿದ್ದಿಕೊಳ್ಳಬೇಕು? (ಚಿಂತಾಮಣಿಯ ಓದುಗರು)

ಉತ್ತರ: ಮೊದಲು ಕಾಲು. ಬಾವಿ ಈಜಿನಲ್ಲಿ ಒಂದು ಕಾಲು ಅಗಲಕ್ಕೆ ಒದೆಯುತ್ತದೆ, ಇನ್ನೊಂದು ಕತ್ತರಿಯಂತೆ ಕೆಳಕ್ಕೆ ಸೀಳುತ್ತದೆ. ತೇಲುವುದಕ್ಕೆ ಅದು ಸಾಕು, ಸ್ಪರ್ಧೆಯಲ್ಲಿ ಅನರ್ಹ. ಎರಡೂ ಕಾಲು ಒಟ್ಟಿಗೇ ಚಲಿಸಬೇಕು, ಒದೆಯುವಾಗ ಎರಡೂ ಪಾದ ಹೊರಕ್ಕೆ ತಿರುಗಿರಬೇಕು. ಇದು ನಿಮಗೇ ಗೊತ್ತಾಗುವುದಿಲ್ಲ, ಹಿಂದಿನಿಂದ ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಹೆಚ್ಚಿನವರಲ್ಲಿ ಕಾರಣ ಒಂದು ಕಡೆಯ ಸೊಂಟ ಬಿಗಿದಿರುವುದು, ಇಲ್ಲವೇ ಒಂದು ಪಾದದ ಕೀಲು ಪೂರ್ತಿ ಮಡಚದಿರುವುದು. ಕೊಳದ ಅಂಚಿನಲ್ಲಿ ಕೂತು ಎರಡೂ ಹಿಮ್ಮಡಿಯನ್ನು ಒಟ್ಟಿಗೆ ಒಳಕ್ಕೆಳೆದು, ಪಾದ ಹೊರಳಿಸಿ, ನಿಧಾನವಾಗಿ ಒದೆಯುವುದನ್ನು ದಿನಕ್ಕೆ 30 ಸಲ ಮಾಡಿ. ಆಮೇಲೆ ಅಂಗಾತ ಮಲಗಿ ಅದೇ ಒದೆತ. ಮಂಡಿ ನೀರಿನಿಂದ ಮೇಲೆ ಬರುತ್ತಿದ್ದರೆ ತೊಡೆಯನ್ನು ಹೊಟ್ಟೆಯ ಕಡೆಗೆ ಎಳೆಯುತ್ತಿದ್ದೀರಿ ಎಂದರ್ಥ. ಹಿಮ್ಮಡಿಯನ್ನಷ್ಟೇ ಎಳೆಯಿರಿ.

ಎರಡನೆಯದು ತಲೆ. ಮುಖ ಮೇಲೇ ಇಟ್ಟು ಈಜಿದರೆ ಸೊಂಟ ಮುಳುಗುತ್ತದೆ, ನೀರು ಎದೆಗೆ ಅಡ್ಡ ಬರುತ್ತದೆ. ಕೈ ಮುಂದೆ ಚಾಚುವಾಗ ಮುಖ ಒಳಗಿರಲಿ, ಉಸಿರು ನೀರೊಳಗೇ ಗುಳುಗುಳು ಬಿಡಿ. ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಕೆಲಸ ಉಳಿಯಬೇಕು. 25 ಮೀಟರ್‌ಗೆ 16 ಸ್ಟ್ರೋಕ್ ಬೇಕಾಗುತ್ತಿದ್ದರೆ ಅದನ್ನು 13ಕ್ಕೆ ತರುವುದು ಒಳ್ಳೆಯ ಗುರಿ.

ಗೋಡೆಯನ್ನು ಎರಡೂ ಕೈಯಿಂದ ಒಮ್ಮೆಗೇ ಮುಟ್ಟಬೇಕು, ಕೈ ಒಂದರ ಮೇಲೊಂದು ಇರಬಾರದು. ಅಭ್ಯಾಸದಲ್ಲಿ ಕೊನೆಗೆ ಒಂದು ಕೈ ಚಾಚಿ ನಿಲ್ಲುವವರು ಕೂಟದಲ್ಲೂ ಅದನ್ನೇ ಮಾಡಿ ಪದಕ ಕಳೆದುಕೊಳ್ಳುತ್ತಾರೆ. ಡೈವ್ ಬರದಿದ್ದರೆ ಸಂಕೋಚ ಬೇಡ. ಮಾಸ್ಟರ್ಸ್‌ನಲ್ಲಿ ಕೊಳದ ಅಂಚಿನಿಂದಲೂ, ನೀರೊಳಗೆ ಗೋಡೆ ಒದ್ದೂ ಶುರು ಮಾಡಬಹುದು. ಡೈವ್ ಕಲಿಯುವುದಾದರೆ ಬ್ಲಾಕ್‌ನ (ಜಿಗಿಯುವ ಕಟ್ಟೆಯ) ಎದುರು ನೀರು ಕನಿಷ್ಠ 1.35 ಮೀಟರ್ ಆಳವಿರಲಿ. ರೆಸಾರ್ಟ್‌ಗಳ ಸೊಂಟಮಟ್ಟದ ಕೊಳದಲ್ಲಿ ಕಲಿಯಲು ಹೋಗಿ ಕುತ್ತಿಗೆ ಮುರಿದುಕೊಳ್ಳಬೇಡಿ.

ವಾರಕ್ಕೆ ಮೂರು ದಿನ ಹೀಗೆ ಈಜಿದರೆ ಸಾಕು: ನಿಧಾನವಾಗಿ 200 ಮೀಟರ್, ಬರೀ ಕಾಲಿನಲ್ಲಿ 25 ಮೀಟರ್ ಆರು ಸಲ, ನಡುವೆ 20 ಸೆಕೆಂಡು ವಿರಾಮ, 50 ಮೀಟರ್ ಎಂಟು ಸಲ, 30 ಸೆಕೆಂಡು ವಿರಾಮ, ಪೂರ್ತಿ ವೇಗದಲ್ಲಿ 25 ಮೀಟರ್ ನಾಲ್ಕು ಸಲ, ಎರಡೆರಡು ನಿಮಿಷ ವಿರಾಮ, ಕೊನೆಗೆ ಸುಮ್ಮನೆ 100. ಒಟ್ಟು 950 ಮೀಟರ್. ವೇಗದ 25ಕ್ಕೆ ವಿರಾಮ ಕಡಿತ ಮಾಡಿದರೆ ಅದು ವೇಗದ ಅಭ್ಯಾಸವಾಗಿ ಉಳಿಯುವುದಿಲ್ಲ. ಕೂಟದ ವಾರ ದೂರವನ್ನು ಅರ್ಧಕ್ಕಿಳಿಸಿ, ವೇಗದ 25 ಮಾತ್ರ ಬಿಡಬೇಡಿ. ಒದೆಯುವಾಗ ಮಂಡಿಯ ಒಳಬದಿ ನೋಯತೊಡಗಿದರೆ ಕಾಲು ಅತಿಯಾಗಿ ಅಗಲಿಸುತ್ತಿದ್ದೀರಿ. ಮಂಡಿಗಳನ್ನು ಸೊಂಟದಗಲಕ್ಕೆ ತನ್ನಿ.

ಪ್ರಶ್ನೆ: ಬಿಪಿ ಮಾತ್ರೆ ತೆಗೆದುಕೊಳ್ಳುವವರು ಸ್ಪರ್ಧಿಸಬಹುದೇ? (ಕೋಲಾರದ ಓದುಗರು)

ಉತ್ತರ: ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಆಮೇಲೆ ಮಾತ್ರೆಯ ಹಾಳೆ ತಿರುಗಿಸಿ ಓದಿ. ಹಲವು ಬಿಪಿ ಮಾತ್ರೆಗಳಲ್ಲಿ ಬೆರೆತಿರುವ ಹೈಡ್ರೋಕ್ಲೋರೋಥಯಜೈಡ್ ಮೂತ್ರ ಹೆಚ್ಚಿಸುವ ಔಷಧ, ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿದೆ. ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳಿಗೆ ಈಜಿನಲ್ಲಿ ನಿಷೇಧವಿಲ್ಲ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬದಲಿ ಕೊಡಲು ಕೇಳಿ, ಇಲ್ಲವೇ ಚಿಕಿತ್ಸೆಗಾಗಿ ಬಳಸುವ ವಿನಾಯಿತಿಗೆ ಅರ್ಜಿ ಹಾಕಿ.

ಪ್ರಶ್ನೆ: ನಾವು ನಾಲ್ವರು ಗೆಳತಿಯರು, ವಯಸ್ಸು 41, 48, 52, 62. ರಿಲೇಗೆ ಯಾವ ಗುಂಪು? (ತುಮಕೂರಿನ ಓದುಗರು)

ಉತ್ತರ: ರಿಲೇಯಲ್ಲಿ ನಾಲ್ವರ ವಯಸ್ಸನ್ನೂ ಕೂಡಿಸುತ್ತಾರೆ. ನಿಮ್ಮದು 203, ಅಂದರೆ 200–239ರ ಗುಂಪು. ವೇಗದ ಆಸೆಗೆ 62ರವರನ್ನು ಬಿಟ್ಟು 35ರವರನ್ನು ಸೇರಿಸಿಕೊಂಡರೆ 176 ಆಗಿ 160–199ಕ್ಕೆ ಇಳಿದು, ಕಿರಿಯರ ತಂಡಗಳ ಎದುರು ನಿಲ್ಲಬೇಕಾಗುತ್ತದೆ. ಹಿರಿಯರನ್ನು ಬಿಡಬೇಡಿ. ಅಭ್ಯಾಸ ಮಾಡಬೇಕಾದ್ದು ಕೈ ಬದಲಾಗುವ ಗಳಿಗೆ: ಒಳಬರುವವರ ಕೈ ಗೋಡೆಗೆ ತಾಗುವ ಮೊದಲೇ ಮುಂದಿನವರ ಪಾದ ಬ್ಲಾಕ್ ಬಿಟ್ಟರೆ ತಂಡವೇ ಅನರ್ಹ.