ಬೇಡವೆಂದ ಕುದುರೆ

ಮಗುವಿನ ಮನಸ್ಸು ಸರಿಹೋಗಲು ಕುದುರೆಯೊಂದನ್ನು ಕೊಳ್ಳಬಹುದೇ ಎಂದು ಕೇಳಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಶಿವಮೊಗ್ಗದ ಕೊಠಡಿಗೆ ಬರುವ ಹೆತ್ತವರು ಈಚೆಗೆ ಹೆಚ್ಚಾಗಿದ್ದಾರೆ. ಅವರೆಲ್ಲರಿಗೂ ಉಪಯೋಗವಾದೀತೆಂದು ಈ ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗಿಗೆ 17 ವರ್ಷ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆ. ಕರಾವಳಿಯ ವಸತಿ ಕಾಲೇಜೊಂದರಲ್ಲಿ ನೀಟ್ ತರಬೇತಿಗೆ ಸೇರಿದ್ದವಳು, ಎದೆಬಡಿತ ಏರಿ ಉಸಿರುಕಟ್ಟುವ ಭಯ ಮರುಕಳಿಸತೊಡಗಿದ ಮೇಲೆ ಊರಿಗೆ ಮರಳಿದ್ದಳು. ಮನೋವೈದ್ಯರ ಔಷಧ ನಡೆದಿತ್ತು, ಆದರೆ ನನ್ನೆದುರು ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಸೋದರಮಾವನ ಹೋಂಸ್ಟೇಯಲ್ಲಿ ಪ್ರವಾಸಿಗರ ಸವಾರಿಗೆಂದು ತಂದ ಹೆಣ್ಣುಕುದುರೆಯ ಬಳಿ ಅವಳು ಗಂಟೆಗಟ್ಟಲೆ ನಿಂತಿರುತ್ತಾಳೆಂದು ತಾಯಿ ಹೇಳಿದಾಗ, ಮುಂದಿನ ಭೇಟಿಗಳನ್ನು ಅಲ್ಲಿಯೇ ಇಟ್ಟುಕೊಂಡೆ. ಮೈ ಉಜ್ಜುವುದು, ಮೇವು ಹಾಕುವುದು, ಜೊತೆಗೆ ನಡೆಯುವುದು ಇಷ್ಟೇ, ಸವಾರಿ ಬೇಡ ಎಂದು ಮೊದಲೇ ತಿಳಿಸಿದ್ದೆ.

ತಂದೆಗೆ ಇದು ಸಾಲದೆನಿಸಿತು. ಮಗಳು ಸವಾರಿ ಮಾಡಲೆಂದು ಅವಳಿಗಾಗಿಯೇ ಮತ್ತೊಂದು ಕುದುರೆ ಕೊಳ್ಳುವ ಯೋಚನೆ ಅವರದು. ಸವಾರಿಯೇ ಚಿಕಿತ್ಸೆಯೆಂಬ ನಂಬಿಕೆಗೆ ಆಧಾರವಿಲ್ಲದೆಯೂ ಇಲ್ಲ. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅಶ್ವಾರೋಹಣದಲ್ಲಿ ಬೆಳ್ಳಿ ಗೆದ್ದದ್ದು ಅನೇಕರಿಗೆ ಸ್ಫೂರ್ತಿಯಾಯಿತು. ಕುದುರೆಯ ನಡಿಗೆಯು ಸವಾರನ ಸೊಂಟವನ್ನು ಮನುಷ್ಯ ನಡೆಯುವಾಗಿನಂತೆಯೇ ಆಡಿಸುವುದರಿಂದ, ಮಿದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಅದನ್ನು ಬಳಸುತ್ತಾರೆ. ಇವಳ ಕಷ್ಟ ಬೇರೆಯದಾಗಿತ್ತು.

ಆಷಾಢದ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಅವಳು ಹಗ್ಗ ಹಿಡಿದು ಕೊಟ್ಟಿಗೆಯೊಳಗೆ ಹೋದಾಗ ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿ, ಮುಖ ತಿರುಗಿಸಿ ಗೋಡೆಯತ್ತ ಸರಿಯಿತು. ನಾನು ಕಾಯುತ್ತಿರುವುದನ್ನು ಕಂಡ ಮಾವ ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಎಳೆದುತರಲು ಹೊರಟರು.

"ಎಳೀಬೇಡಿ ಮಾವ. ಅದು ಬೇಡ ಅಂತಿದೆ."

ಅವರು ನನ್ನ ಮುಖ ನೋಡಿದರು. ಬೇಡವೆಂದರೆ ಇವತ್ತು ಬೇಡ, ಹಾಗೇ ಬಿಡೋಣ ಎಂದೆ. ಅವರು ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿದರು. ಜಗಲಿಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತ ಮೇಲೆ ಅವಳು, "ಅದು ಒಂದು ಸಲ ಮುಖ ತಿರುಗಿಸಿದ್ದಕ್ಕೆ ಮಾವ ಹಗ್ಗ ಬಿಟ್ಟರು. ನಾನು ಆಗಲ್ಲ, ಆಗಲ್ಲ ಅಂತ ಎಷ್ಟು ಸಲ ಫೋನ್ ಮಾಡಿದೆ ಮೇಡಂ," ಎಂದಳು. ಆಮೇಲೆ ನಾನು ಕೇಳಬೇಕಾಗಿ ಬರಲಿಲ್ಲ. ವಾರವಾರದ ಪರೀಕ್ಷೆ, ಗೋಡೆಗೆ ಅಂಟಿಸುತ್ತಿದ್ದ ರ್‍ಯಾಂಕಿನ ಪಟ್ಟಿ, "ಇನ್ನೊಂದು ತಿಂಗಳು ತಡ್ಕೊ ಪುಟ್ಟಿ" ಎಂಬ ಅಪ್ಪನ ಉತ್ತರ, ಎಲ್ಲವನ್ನೂ ಅವಳೇ ಹೇಳಿದಳು.

ಕುದುರೆಯ ನಿರಾಕರಣೆಗೂ ಕಾರಣವಿತ್ತು. ಪಶುವೈದ್ಯರು ನೋಡಿದಾಗ ಗೊರಸಿನ ಅಡಿಯ ಸಂದುಗಳು ಕೊಳೆತು ನಾರುತ್ತಿದ್ದವು. ಸೊಪ್ಪು ಹಾಸಿ ತುಳಿಸಿ ಗೊಬ್ಬರ ಮಾಡುವ ನಮ್ಮ ಮಲೆನಾಡಿನ ಕೊಟ್ಟಿಗೆಯ ಪದ್ಧತಿ ದನಗಳಿಗೆ ನಡೆದುಬಂದಿರಬಹುದು, ಆದರೆ ಆ ಒದ್ದೆಯಲ್ಲಿ ದಿನವಿಡೀ ನಿಂತ ಕುದುರೆಯ ಗೊರಸು ಉಳಿಯುವುದಿಲ್ಲ. ಅದು ನಿಂತೇ ತೂಕಡಿಸಬಲ್ಲದಾದರೂ ಗಾಢನಿದ್ರೆಗೆ ಮಲಗಲೇಬೇಕು, ಮಲಗಲು ಒಣನೆಲ ಬೇಕು. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಎರಡು ಹೊತ್ತು ಹಿಂಡಿ-ಬೂಸಾ ಕೊಟ್ಟರೆ ಸಾಲದು, ದಿನದ ಬಹುಭಾಗ ಹುಲ್ಲು ಮೇಯುತ್ತಿರಬೇಕು. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿಮಾಡಬೇಕು. ಗುಂಪಿನಲ್ಲಿ ಬಾಳುವ ಪ್ರಾಣಿಯನ್ನು ಒಂಟಿಯಾಗಿ ಕಟ್ಟಿಹಾಕುವುದೂ ಹಿಂಸೆಯೇ.

ಮಗುವಿನ ಸಲಹೆಗಾರ್ತಿಗೆ ಕುದುರೆಯ ಗೊರಸಿನ ಚಿಂತೆ ಏಕೆಂದು ಆ ತಂದೆಯೂ ಕೇಳಿದರು, ಸಹೋದ್ಯೋಗಿಗಳೂ ಕೇಳಿದ್ದಾರೆ. ನೋಯುವ ಕಾಲಿನ ಕುದುರೆಯನ್ನು ನನ್ನ ಭೇಟಿಗಾಗಿ ಎಳೆದುತಂದಿದ್ದರೆ, ಬೇಡವೆನ್ನುವುದು ವ್ಯರ್ಥವೆಂಬ ಹಳೆಯ ಪಾಠವನ್ನೇ ಆ ಹುಡುಗಿಯ ಕಣ್ಣೆದುರು ಮತ್ತೊಮ್ಮೆ ಮಾಡಿದಂತಾಗುತ್ತಿತ್ತು. ನಿರಾಕರಿಸುವ ಸ್ವಾತಂತ್ರ್ಯವಿರುವ ಕುದುರೆ ತಾನಾಗಿ ಹತ್ತಿರ ಬಂದಾಗ ಮಾತ್ರ ಆ ಬರುವಿಕೆಗೆ ಬೆಲೆಯುಂಟೆಂದು ನಾನು ದೃಢವಾಗಿ ನಂಬಿದ್ದೇನೆ.

ಹಾಗಾಗಿ ಮಾವನಿಗೆ, ಗೊರಸು ವಾಸಿಯಾಗುವ ತನಕ ಸವಾರಿ ನಿಲ್ಲಿಸಿ ಕೊಟ್ಟಿಗೆಯ ನೆಲ ಒಣಗಿಸುವಂತೆ ಹೇಳಿದೆ. ಹೆತ್ತವರಿಗೆ, ಔಷಧವನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದೆಂದೂ, ಕಾಲೇಜಿಗೆ ಮರಳುವ ಮಾತನ್ನು ಅವಳೇ ಎತ್ತುವವರೆಗೆ ಮನೆಯಲ್ಲಿ ಯಾರೂ ಎತ್ತಬಾರದೆಂದೂ, ಮಗಳಿಗಾಗಿ ಮತ್ತೊಂದು ಕುದುರೆ ಕೊಳ್ಳುವ ಯೋಚನೆ ಬಿಡಬೇಕೆಂದೂ ಹೇಳಿದೆ. ತಾಯಿ ಒಪ್ಪಿದರು. ತಂದೆ ಕುದುರೆ ಕೊಳ್ಳುವುದನ್ನು ಬಿಟ್ಟಿದ್ದಾರೆ. ಕಾಲೇಜಿನ ವಿಷಯದಲ್ಲಿ ಅವರೊಡನೆ ನನ್ನ ಮಾತುಕತೆ ಇನ್ನೂ ನಡೆದಿದೆ.