ಎಂಟನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಬೇಕೇ?

ಪ್ರಶ್ನೆ: ಮಗಳು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಎಂಟನೇ ತರಗತಿ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ‘ಸಬ್ಜೆಕ್ಟ್ ಮಿನಿಮಮ್’, ಅಂದರೆ ಆ ವಿಷಯಕ್ಕೆ ಬೇಕಾದ ಕನಿಷ್ಠ ಅಂಕ, ಸಿಗಲಿಲ್ಲ. ವಿಶೇಷ ತರಗತಿ ಮಾಡಿ ಮತ್ತೆ ಪರೀಕ್ಷೆ ಬರೆಸುತ್ತಾರಂತೆ. ಅಡಿಪಾಯವೇ ಗಟ್ಟಿಯಿಲ್ಲದವಳು ಒಂಬತ್ತಕ್ಕೆ ಹೋಗಿ ಏನು ಮಾಡುತ್ತಾಳೆ, ಎಂಟರಲ್ಲೇ ಇನ್ನೊಂದು ವರ್ಷ ಕೂರಲಿ ಎನ್ನುತ್ತಾರೆ ಮನೆಯವರು. ಗಣಿತದ ಟೀಚರಿಗೆ ಕನ್ನಡವೂ ಅಷ್ಟಕ್ಕಷ್ಟೆ. ಏನು ಮಾಡಲಿ?
– ತಾಯಿಯೊಬ್ಬರು, ಬದಿಯಡ್ಕ (ಕಾಸರಗೋಡು)

ಉತ್ತರ: ಕೂರಿಸಬೇಡಿ. ಮನೆಯವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ಮದ್ದು ಇದಲ್ಲ.

ಕೇರಳದಲ್ಲಿ 2024-25ರಿಂದ ಎಂಟನೇ ತರಗತಿಯ ಪ್ರತಿ ವಿಷಯದಲ್ಲೂ ಬರೆಹ ಪರೀಕ್ಷೆಯಲ್ಲೇ ಶೇಕಡಾ 30 ಅಂಕ ಬೇಕೆಂಬ ನಿಯಮ ಬಂತು. 80 ಅಂಕದ ಪತ್ರಿಕೆಯಾದರೆ 24. ವರ್ಷವಿಡೀ ತರಗತಿಯ ಕೆಲಸ ನೋಡಿ ಕೊಡುವ ನಿರಂತರ ಮೌಲ್ಯಮಾಪನದ ಅಂಕ ಇಲ್ಲಿ ಕೈ ಹಿಡಿಯುವುದಿಲ್ಲ. ಹಂತಹಂತವಾಗಿ ಒಂಬತ್ತು, ಹತ್ತಕ್ಕೂ ಇದನ್ನು ತರುವ ತೀರ್ಮಾನವಾಗಿತ್ತು. ಅತ್ತ 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟರವರೆಗೆ ಯಾರನ್ನೂ ತಡೆಹಿಡಿಯಬಾರದು ಎಂದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟರ ಮಟ್ಟಿಗೆ ಅದನ್ನು ಸಡಿಲಿಸಿತು. ಪರ-ವಿರೋಧದ ಚರ್ಚೆ ಇನ್ನೂ ನಡೆದೇ ಇದೆ.

ನಿಮ್ಮ ಪ್ರಶ್ನೆಗೆ ಹತ್ತಿರದ ಅಧ್ಯಯನ ಅಮೆರಿಕದ ಶಿಕಾಗೋ ನಗರದ್ದು. 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ಮೂರು, ಆರು, ಎಂಟನೇ ತರಗತಿಗಳಲ್ಲಿ ಪರೀಕ್ಷೆ ಪಾಸಾಗದವರನ್ನು ಅದೇ ತರಗತಿಯಲ್ಲಿ ಉಳಿಸುತ್ತಿದ್ದರು. ಅರ್ಥಶಾಸ್ತ್ರಜ್ಞರಾದ ಬ್ರಿಯಾನ್ ಜೇಕಬ್ ಮತ್ತು ಲಾರ್ಸ್ ಲೆಫ್‌ಗ್ರೆನ್ ಆ ಮಕ್ಕಳ ಮುಂದಿನ ಓದನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಆರರಲ್ಲಿ ಉಳಿದವರು ಮುಂದೆ ಶಾಲೆ ಬಿಡುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಂಟರಲ್ಲಿ ಉಳಿದವರು ಮಾತ್ರ ಶಾಲೆ ಬಿಟ್ಟದ್ದು ಹೆಚ್ಚು. ಶಿಕಾಗೋ ಬೇರೆ, ಬದಿಯಡ್ಕ ಬೇರೆ, ನಿಜ. ಆದರೆ ಹದಿಮೂರು ವರ್ಷದ ಹುಡುಗಿ ಗೆಳತಿಯರೆಲ್ಲ ಮುಂದೆ ಹೋದ ಮೇಲೆ ತನಗಿಂತ ಚಿಕ್ಕವರ ಜೊತೆ ಕೂತು ಅದೇ ಪಾಠವನ್ನು ಅದೇ ರೀತಿಯಲ್ಲಿ ಕೇಳಿದರೆ ಗಣಿತ ಬರುತ್ತದೆ ಎನ್ನಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಹಾಗಂತ ಸುಮ್ಮನೆ ದಾಟಿಸಿಬಿಡಿ ಎಂದೂ ನಾನು ಹೇಳುವುದಿಲ್ಲ. ಅವಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಎಂದು ಹುಡುಕಬೇಕು. ಹೆಚ್ಚಿನ ಸಲ ಅದು ಎಂಟರ ಪಾಠದಲ್ಲಿ ಇರುವುದಿಲ್ಲ, ಐದು-ಆರರಲ್ಲಿ ಇರುತ್ತದೆ. ಇವತ್ತೇ ಒಂದು ಹಾಳೆ ಕೊಟ್ಟು 2/3 + 1/4 ಮಾಡಲು ಹೇಳಿ. 3/7 ಎಂದು ಬರೆದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ ಎಂದರ್ಥ. ಬೈಯಬೇಡಿ, ತಪ್ಪು ಎಂದೂ ಹೇಳಬೇಡಿ. ಅದೇ ಕ್ರಮದಲ್ಲಿ 1/2 + 1/2 ಮಾಡು ಎನ್ನಿ. 2/4 ಬರುತ್ತದೆ, ಅಂದರೆ ಮತ್ತೆ ಅರ್ಧವೇ. ಎರಡು ಅರ್ಧ ರೊಟ್ಟಿ ಸೇರಿಸಿದರೂ ಅರ್ಧವೇ ಉಳಿಯಿತೇ ಎಂದು ಕೇಳಿ. ಎಡವಿದ್ದು ಎಲ್ಲಿ ಎಂದು ಅವಳಿಗೇ ಹೊಳೆಯಬೇಕು. ಭಿನ್ನರಾಶಿ ತಿಳಿಯದವಳಿಗೆ ಸಮೀಕರಣ ಬಿಡಿಸುವುದು ಹೇಗೆ ಬಂದೀತು?

ವಿಶೇಷ ತರಗತಿಯ ಯಶಸ್ಸೂ ಇದರ ಮೇಲೆಯೇ ನಿಂತಿದೆ. ಮಕ್ಕಳ ಕಲಿಕೆಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ ‘ಪ್ರಥಮ್’ 2013-14ರಲ್ಲಿ ಉತ್ತರ ಪ್ರದೇಶದ ಸರಕಾರಿ ಶಾಲೆಗಳಲ್ಲಿ ಕಲಿಕಾ ಶಿಬಿರ ನಡೆಸಿತು. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ತರಗತಿ ನೋಡದೆ ಅವರವರ ಮಟ್ಟ ನೋಡಿ ಗುಂಪು ಮಾಡಿ ಕಲಿಸಿದರು. ಓದು, ಲೆಕ್ಕ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಅವರು ಚಿಕ್ಕ ಮಕ್ಕಳು, ಆದರೂ ಮಟ್ಟ ನೋಡಿ ಕಲಿಸಬೇಕೆಂಬುದು ಎಂಟಕ್ಕೂ ಸಲ್ಲುತ್ತದೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಬಿಡಿಸಿ ಬಾಯಿಪಾಠ ಮಾಡಿಸಿದರೆ 24 ಅಂಕ ಬರಬಹುದು, ಒಂಬತ್ತರಲ್ಲಿ ಮತ್ತೆ ಅದೇ ಗೋಳು. ಮಗಳ ಉತ್ತರಪತ್ರಿಕೆ ತೋರಿಸಲು ಕೇಳಿ. ಖಾಲಿ ಬಿಟ್ಟ ಪ್ರಶ್ನೆಗಳು, ಅರ್ಧಕ್ಕೆ ನಿಲ್ಲಿಸಿದ ಪ್ರಶ್ನೆಗಳು ಯಾವುವು ನೋಡಿ, ಟೀಚರ ಜೊತೆ ಕೂತು ಪಟ್ಟಿ ಮಾಡಿ.

ಇನ್ನು ಭಾಷೆ. ಪುಸ್ತಕವೂ ಪ್ರಶ್ನೆಯೂ ಕನ್ನಡದಲ್ಲಿದ್ದು ವಿವರಣೆ ಬೇರೆ ಭಾಷೆಯಲ್ಲಾದರೆ ಮಗು ಲೆಕ್ಕ ಬಿಡಿಸುವ ಮೊದಲೇ ಬಳಲುತ್ತದೆ. ಗಡಿನಾಡಿನ ಮಕ್ಕಳು ಇದನ್ನು ಸಹಿಸಿಕೊಳ್ಳಬೇಕಾದ್ದಿಲ್ಲ. ಅಳತೆಯ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾಗಿ ಬಿಡಿಸುವವಳು ವಾಕ್ಯದಲ್ಲಿ ಕೊಟ್ಟಾಗ ತಡವರಿಸುತ್ತಾಳೆಯೇ ಎಂದು ಪರೀಕ್ಷಿಸಿ. ಹೌದಾದರೆ ತೊಡಕು ಗಣಿತದ್ದಲ್ಲ. ಟೀಚರನ್ನು ದೂರಿ ಪ್ರಯೋಜನವಿಲ್ಲ, ಅವರನ್ನು ಅಲ್ಲಿಗೆ ನೇಮಿಸಿದ್ದು ಇಲಾಖೆ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ವಿಷಯ ಎತ್ತಿ, ವಿಶೇಷ ತರಗತಿಯನ್ನಾದರೂ ಕನ್ನಡ ಬಲ್ಲವರಿಂದಲೇ ಮಾಡಿಸಬೇಕೆಂದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಿ, ಪ್ರತಿಯನ್ನು ಜಿಲ್ಲಾ ಶಿಕ್ಷಣಾಧಿಕಾರಿಗೂ ಕಳುಹಿಸಿ. ನಾಲ್ಕಾರು ತಾಯಂದಿರು ಸೇರಿ ಸಹಿ ಹಾಕಿದರೆ ಅರ್ಜಿಗೆ ತೂಕ ಹೆಚ್ಚು.