ಸಂಪಿಗೆಗೆ ಎರಡು ಹೆಸರು ಯಾಕೆ?

ಪ್ರಶ್ನೆ: ನಮ್ಮೂರ ಪಾರ್ಕಿನ ಸಂಪಿಗೆ ಮರಕ್ಕೆ ‘ಮೈಕೇಲಿಯಾ ಚಂಪಕಾ’ ಅಂತ ತಗಡಿನ ಬೋರ್ಡ್ ಹೊಡೆದಿದ್ದಾರೆ. ಮಗಳ ಮೊಬೈಲಿನ ಆ್ಯಪ್ ಅದೇ ಮರವನ್ನು ‘ಮ್ಯಾಗ್ನೋಲಿಯಾ ಚಂಪಕಾ’ ಎನ್ನುತ್ತದೆ. ಯಾವುದು ಸರಿ? ಈ ಹೆಸರುಗಳನ್ನು ಇಡುವವರು ಯಾರು? ನಮ್ಮ ತೋಟದ ಮೇಲಿನ ಕಾನಿನಲ್ಲಿ ಯಾರಿಗೂ ಗುರುತು ಸಿಗದ ಗಿಡವೊಂದಿದೆ. ಅದಕ್ಕೆ ನಾನೇ ಹೆಸರಿಡಬಹುದಾ?
– ಓದುಗರೊಬ್ಬರು, ಸಾಗರ

ಉತ್ತರ: ಈಗ ಹೆಚ್ಚಿನವರು ಒಪ್ಪುವುದು ಮಗಳ ಆ್ಯಪ್ ತೋರಿಸಿದ ಹೆಸರನ್ನು. ಹಾಗಂತ ಬೋರ್ಡ್ ಬರೆದವರು ತಪ್ಪು ಮಾಡಿಲ್ಲ. ಅದು ಈ ಮರದ ಹಳೆಯ ಹೆಸರು.

1753ಕ್ಕಿಂತ ಮುಂಚೆ ಯುರೋಪಿನ ಪಂಡಿತರು ಗಿಡದ ಹೆಸರನ್ನು ಒಂದು ಪೂರ್ತಿ ಸಾಲಿನಷ್ಟು ಉದ್ದ ಬರೆಯುತ್ತಿದ್ದರು. ‘ನವಿರು ರೋಮದ ಎಲೆಯ, ಉರುಟು ತೆನೆಯ, ದುಂಡು ದಂಟಿನ ಪ್ಲಾಂಟಾಗೋ’ ಎಂಬ ಧಾಟಿಯಲ್ಲಿ, ಅದೂ ಲ್ಯಾಟಿನ್ನಿನಲ್ಲಿ! ಸ್ವೀಡನ್ನಿನ ಕಾರ್ಲ್ ಲಿನೇಯಸ್ ಆ ವರ್ಷ ಸುಮಾರು 6,000 ಸಸ್ಯಗಳ ಪುಸ್ತಕ ತಂದ. ಉದ್ದದ ಹೆಸರಿನ ಪಕ್ಕದ ಅಂಚಿನಲ್ಲಿ ಒಂದೊಂದು ಚಿಕ್ಕ ಪದ ಇಟ್ಟ. ಈ ಪ್ಲಾಂಟಾಗೋಗೆ ಸಿಕ್ಕಿದ್ದು ‘ಮೀಡಿಯಾ’. ಜನ ಅದನ್ನೇ ಹಿಡಿದುಕೊಂಡರು. ಸಸ್ಯಗಳ ಹೆಸರಿನ ಲೆಕ್ಕ ಇವತ್ತಿಗೂ ಆ ವರ್ಷದಿಂದಲೇ ಶುರು.

ನಮ್ಮಲ್ಲಿ ಊರ ಹೆಸರು ಮೊದಲು ಬರೆದು ಸ್ವಂತ ಹೆಸರು ಆಮೇಲೆ ಬರೆಯುತ್ತೇವಲ್ವಾ, ಇದೂ ಹಾಗೆಯೇ. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಪ್ರಭೇದದ ಸ್ವಂತ ಹೆಸರು. ಸಂಪಿಗೆಯ ಕುಲಕ್ಕೆ ಲಿನೇಯಸ್ ಇಟಲಿಯ ಸಸ್ಯತಜ್ಞ ಮಿಕೇಲಿಯ ನೆನಪಿಗೆ ಮೈಕೇಲಿಯಾ ಎಂದು ಕರೆದ. ‘ಚಂಪಕಾ’ ಮಾತ್ರ ನಮ್ಮ ಕಡೆಯ ಮಾತು.

ಆಮೇಲೆ ಏನಾಯಿತೆಂದರೆ, ಮೈಕೇಲಿಯಾ ಮತ್ತು ಮ್ಯಾಗ್ನೋಲಿಯಾ ಬೇರೆ ಬೇರೆ ಕುಲ ಅಲ್ಲ ಎಂದು ಕೆಲವರು 19ನೇ ಶತಮಾನದಲ್ಲೇ ವಾದಿಸಿದರು. ಬಹಳ ಕಾಲ ಯಾರೂ ಅದಕ್ಕೆ ಜಾಸ್ತಿ ಕಿವಿಗೊಡಲಿಲ್ಲ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ನೋಡಿದರೆ ಸಂಪಿಗೆಯ ಬಳಗ ಮ್ಯಾಗ್ನೋಲಿಯಾದ ಒಳಗೇ ಇತ್ತು. ಹಾಗಾಗಿ ಮನೆ ಬದಲಾಯಿತು. ‘ಚಂಪಕಾ’ ಹೊಸ ಮನೆಗೂ ಜೊತೆಯಲ್ಲೇ ಹೋಯಿತು, ಅದು ನಿಯಮ.

ಪುಸ್ತಕಗಳಲ್ಲಿ ಈ ಹೆಸರಿನ ಮುಂದೆ ‘(ಎಲ್.) ಬೈಲ್. ಎಕ್ಸ್ ಪಿಯೆರ್’ ಎಂಬ ಬಾಲ ಇರುತ್ತದೆ. ಸುಮ್ನೆ ಬರೆದದ್ದಲ್ಲ. ಮೊದಲು ಹೆಸರಿಟ್ಟವನು ಲಿನೇಯಸ್, ಮ್ಯಾಗ್ನೋಲಿಯಾಕ್ಕೆ ಸೇರಿಸಬೇಕೆಂದವನು ಬೈಯೋನ್, ಅದನ್ನು ನಿಯಮದಂತೆ ಅಚ್ಚು ಹಾಕಿಸಿದವನು ಪಿಯೆರ್. ಮರದ ಪಹಣಿ ಇದು ಅಂದುಕೊಳ್ಳಿ.

ಯಾರು ಇಡುತ್ತಾರೆ ಎಂದು ಕೇಳಿದ್ದೀರಿ. ಹೆಸರು ಕೊಡುವ ಇಲಾಖೆ ಅಂತ ಒಂದಿಲ್ಲ. ನಿಯಮ ಪಾಲಿಸಿ ಪ್ರಕಟಿಸಿದರೆ ಯಾರು ಬೇಕಾದರೂ ಇಡಬಹುದು. ಆರು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಈ ನಿಯಮಗಳ ತಿದ್ದುಪಡಿ ಆಗುತ್ತದೆ. ಹಿಂದಿನದು 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆಯಿತು. ಆಫ್ರಿಕಾದ ಕಪ್ಪು ಜನರನ್ನು ಹೀಯಾಳಿಸುವ ಬೈಗುಳವೊಂದರಿಂದ ಬಂದ ‘ಕಾಫ್ರಾ’ ಎಂಬ ಪದವನ್ನು ಗಿಡಗಳ ಹೆಸರಿನಿಂದ ತೆಗೆದು ‘ಆಫ್ರಾ’ ಎಂದು ಮಾಡಲು ಅಲ್ಲಿ ಮತ ಹಾಕಿದರು. ತುಂಬಾ ಮೊದಲೇ ಆಗಬೇಕಿದ್ದ ಕೆಲಸ.

ಆದರೆ ಹೆಸರು ಹೊಂದುವುದಿಲ್ಲ ಎಂಬ ಕಾರಣಕ್ಕೆ ಬದಲಾಯಿಸುವಂತಿಲ್ಲ. ಅಡಿಕೆಯನ್ನೇ ನೋಡಿ: ಅರೆಕಾ ಕ್ಯಾಟೆಚು. ಮಲಯಾಳದ ಅಡಕ್ಕ, ನಮ್ಮ ಅಡಿಕೆ, ಪೋರ್ಚುಗೀಸರ ಬಾಯಿಗೆ ಬಿದ್ದು ಅರೆಕ ಆಯಿತು. ಕ್ಯಾಟೆಚು ಅಂದರೆ ಕಾಚು. ಎಲೆಯಡಿಕೆಗೆ ಹಾಕುವ ಕಾಚು ಕಗ್ಗಲಿ ಮರದ ಚೇಗಿನಿಂದ ಬರುವುದು ಎಂದು ಎಲೆಯಡಿಕೆ ಹಾಕುವ ಅಜ್ಜಿಯರಿಗೂ ಗೊತ್ತು. ಆದರೂ ಹೆಸರು ಹಾಗೇ ಇದೆ. ಇಷ್ಟ ಬಂದವರು ಇಷ್ಟ ಬಂದ ಹಾಗೆ ತಿದ್ದುತ್ತಾ ಹೋದರೆ ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಇನ್ನೂ ಬೇಜಾರಿದೆ. ಜಾಲಿ ಮರ. ಅಕೇಶಿಯಾ ಎಂಬ ಹೆಸರು ಮೂಲದಲ್ಲಿ ನಮ್ಮ ಕರಿಜಾಲಿಗೆ ಕಟ್ಟಿದ ಹೆಸರು. ಅಕೇಶಿಯಾ ಒಂದೇ ಕುಲವಲ್ಲ, ಒಡೆಯಬೇಕು ಎಂದಾದಾಗ ಹೆಸರು ಯಾರ ಪಾಲಿಗೆ ಎಂಬ ಜಗಳ ಬಂತು. ಆಸ್ಟ್ರೇಲಿಯಾದಲ್ಲಿ ಸುಮಾರು 1,000 ಪ್ರಭೇದಗಳಿವೆ, ಅಷ್ಟನ್ನೂ ಬದಲಾಯಿಸುವುದು ಕಷ್ಟ ಎಂದು 2005ರಲ್ಲಿ ವಿಯೆನ್ನಾ ಸಮ್ಮೇಳನ ಹೆಸರನ್ನು ಅವರಿಗೇ ಬಿಟ್ಟುಕೊಟ್ಟಿತು. ನಮ್ಮ ಜಾಲಿ ಈಗ ವಾಚೆಲಿಯಾ ನಿಲೋಟಿಕಾ. ಅನುಕೂಲದ ಲೆಕ್ಕ ಅರ್ಥವಾಗುತ್ತದೆ, ಆದರೂ ಹೊಲದ ಬದುವಿನ ಜಾಲಿ ಕಂಡಾಗೆಲ್ಲ ಹಳೆಯ ಹೆಸರೇ ಬಾಯಿಗೆ ಬರುತ್ತದೆ.

ಇನ್ನು ನಿಮ್ಮ ಕಾನಿನ ಗಿಡ. ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳಿರುವ ಜೌಗು ಕಾಡಿನಲ್ಲಿ) ಕಂಡ ಒಂದು ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ 2000ನೇ ಇಸವಿಯಲ್ಲಿ ಹೊಸ ಪ್ರಭೇದ ಎಂದು ಪ್ರಕಟಿಸಿದರು. ಇಟ್ಟ ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಸೆಮಿಕಾರ್ಪಸ್ ಅಂದರೆ ಗುರುತು ಹಾಕುವ ಕಾಯಿ. ಅದು ಕೇರು ಮರದ ಕುಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಕೇರು ಬೀಜದ ರಸದಿಂದಲೇ. ‘ಎನ್ಸಿಸ್’ ಅಂದರೆ ಆ ಊರಿನದು. ಗ್ರೀಕ್ ಪದದ ಮೈಗೆ ಕನ್ನಡದ ಕತ್ತಲೆಕಾನು ಅಂಟಿಕೊಂಡು, ಪ್ರಪಂಚದ ಸಸ್ಯಶಾಸ್ತ್ರಜ್ಞರೆಲ್ಲ ಈಗ ಅದನ್ನು ಬರೆಯಬೇಕು. ನನಗಂತೂ ತುಂಬಾ ಖುಷಿ ಕೊಡುವ ಹೆಸರು.

ಹೀಗೆ ಮಾಡಲು ಬರೀ ಫೋಟೋ ಸಾಲದು. ಹೂ, ಕಾಯಿ, ಎಲೆ ಇರುವ ಟೊಂಗೆಯನ್ನು ಪೇಪರಿನ ಮಡಿಕೆಯಲ್ಲಿಟ್ಟು ಒತ್ತಬೇಕು, ಪೇಪರ್ ದಿನಾ ಬದಲಾಯಿಸಬೇಕು. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ಎಲ್ಲಿ, ಯಾವತ್ತು, ಯಾರು ಕಿತ್ತರು ಎಂದು ಚೀಟಿ ಬರೆಯಬೇಕು. ಹೂವಿನ ಬಣ್ಣವನ್ನೂ ಆಗಲೇ ಬರೆದಿಡಬೇಕು. ಅರಿಶಿನದಂಥ ಸಂಪಿಗೆ ಕೂಡ ಒಣಗಿದರೆ ಕಂದು. ಇಂಥ ಒಂದು ಹಾಳೆಯನ್ನು ‘ಮಾದರಿ’ ಎಂದು ಗೊತ್ತುಮಾಡುತ್ತಾರೆ. ಹೆಸರು ಆ ಹಾಳೆಗೆ ಗಂಟು ಹಾಕಿದಂತೆ. ನೂರು ವರ್ಷದ ನಂತರ ಅನುಮಾನ ಬಂದರೂ ಅದನ್ನೇ ತೆಗೆದು ನೋಡುವುದು. ಜೊತೆಗೆ ಬೇರೆ ಪ್ರಭೇದಗಳಿಂದ ಇದು ಹೇಗೆ ಬೇರೆ ಎಂಬ ವಿವರ ಬರೆದು ಪ್ರಕಟಿಸಬೇಕು. 2011ರ ತನಕ ಅದು ಲ್ಯಾಟಿನ್ನಿನಲ್ಲೇ ಇರಬೇಕಿತ್ತು, ಈಗ ಇಂಗ್ಲಿಷ್ ಆದರೂ ಆಗುತ್ತದೆ. ಹೆಸರು ಕನ್ನಡದ್ದಾಗಿರಬಹುದು, ಲಿಪಿ ಮಾತ್ರ ರೋಮನ್. ತನ್ನ ಹೆಸರನ್ನೇ ಇಡಬಾರದು ಎಂಬ ನಿಯಮ ಇಲ್ಲ, ಆದರೆ ಹಾಗೆ ಯಾರೂ ಮಾಡುವುದಿಲ್ಲ. ಅದು ಮರ್ಯಾದೆಯಲ್ಲ.

ನಿಮಗೆ ಗುರುತು ಸಿಗದ್ದು ಬೇರೆ ಯಾರಿಗೋ ಗೊತ್ತಿರುವ ಸಾಧ್ಯತೆಯೇ ಜಾಸ್ತಿ. ಅದಕ್ಕೆ ನಿರಾಸೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣಸಸ್ಯಗಳ ದೊಡ್ಡ ಸಂಗ್ರಹ ಇದೆ, ಮೊದಲು ಅಂಥ ಕಡೆ ಹೋಲಿಸಿ ನೋಡಬೇಕು. ಕಾನು ಅರಣ್ಯ ಇಲಾಖೆಗೆ ಸೇರಿದ್ದಾದರೆ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳಬೇಡಿ. ಸದ್ಯಕ್ಕೆ ಮರದ ನಿಲುವು, ತೊಗಟೆ, ಎಲೆಯ ಮೇಲ್ಮೈ, ಅಡಿಮೈ ಫೋಟೋ ತೆಗೆದಿಡಿ. ಹೂ ಬಿಟ್ಟಾಗ ಮತ್ತೆ ಹೋಗಿ, ಕಾಯಿ ಬಿಟ್ಟಾಗ ಇನ್ನೊಮ್ಮೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡುವುದನ್ನು ಮರೀಬೇಡಿ.